ಬೆಳಕು ಕಮ್ಮಿ ಮಾಡು ತಮ್ಮಾ

ಕಮಲಾಪುರದಾಗ ಅಪ್ಪನ ಕಣ್ಣಿನ ಪೊರೆ ತೆಗೆಸಿ ಎರಡು ವಾರ ಆಗಿತ್ತು. ಭಾನುವಾರ ದೂರದ ಮೊಮ್ಮಗಳನ್ನು ವಿಡಿಯೋದಲ್ಲಿ ತೋರಿಸಿದರೆ, "ಕಣ್ಣಿಗಿ ಚುಚ್ಚಲತ್ತದ ತಮ್ಮಾ, ಬೆಳಕು ಕಮ್ಮಿ ಮಾಡು" ಎಂದು ಮುಖ ತಿರುಗಿಸಿಬಿಟ್ಟರು. ನನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದಾಗಿನಿಂದ ಬೆಳಕಿನ ಕೀಲಿಗಳು ಕೆಲಸ ಮಾಡುತ್ತಿರಲಿಲ್ಲ. ಪರದೆ ಸದಾ ಪೂರ್ತಿ ಉರಿಯುತ್ತಿತ್ತು. ಕಲಬುರಗಿಗೆ ಬಂದು ಅಂಗಡಿಯಲ್ಲಿ ಕೇಳಿದೆ. "ಹೊಸಾದು ತೊಗೋರಿ" ಅಂದರು.

ಆ ರಾತ್ರಿ ನಾನೇ ಕೂತೆ. ಕೀಲಿ ಒತ್ತಿದರೆ ಸುದ್ದಿ ಎಸಿಪಿಐ ಎಂಬ ಫರ್ಮ್‌ವೇರ್ ದಾರಿ ಹಿಡಿದು ಹೋಗಬೇಕು. ನನ್ನದರಲ್ಲಿ ಆ ದಾರಿಯೇ ಕಟ್ಟಿತ್ತು. ಆದರೆ ಹಳೇ ಇಂಟೆಲ್ ಗ್ರಾಫಿಕ್ಸಿನಲ್ಲಿ ಬೆಳಕಿಗೆಂದೇ ಎಫ್4 ಎಂಬ ಒಂದು ಬೈಟಿನ ಗೂಡಿದೆ. ಸೆಟ್‌ಪಿಸಿಐ ಆದೇಶದಿಂದ 00:02.0 ವಿಳಾಸದ ಆ ಗೂಡಿಗೆ ನೇರವಾಗಿ ಬರೆಯಬಹುದು: 00ರಿಂದ ಎಫ್‌ಎಫ್, ಅಂದರೆ 0ಯಿಂದ 255.

ಅವಸರದಾಗ 00 ಬರೆದೆ. ಪರದೆ ಕಪ್ಪಾಯಿತು. ಎದೆ ಝಲ್ಲೆಂದಿತು. ಟಾರ್ಚ್ ಹಿಡಿದರೆ ಅಕ್ಷರಗಳು ಮಸುಕಾಗಿ ಅಲ್ಲೇ ಇದ್ದವು. ಹೋಗಿದ್ದು ಹಿಂದಿನ ದೀಪ ಮಾತ್ರ. ಮೇಲ್ಬಾಣದ ಕೀಲಿ ಒತ್ತಿ, ಎರಡು ಸೊನ್ನೆ ಅಳಿಸಿ, 40 ಬರೆದು ಎಂಟರ್ ಒತ್ತಿದೆ. ಹದಿನಾರರ ಲೆಕ್ಕದ 40 ಅಂದರೆ 64, ಹೆಚ್ಚುಕಮ್ಮಿ ಕಾಲುಭಾಗ. ಪರದೆ ತಣ್ಣಗೆ ಬೆಳಗಿತು.

ಮುಂದಿನ ಭಾನುವಾರ ಅಪ್ಪ ಮುಖ ತಿರುಗಿಸಲಿಲ್ಲ. "ಅಯ್ಯ, ಮುಂದಿನ ಹಲ್ಲು ಬಿದ್ದಾವಲ್ಲ ನಿಂದು!" ಎಂದು ಮೊಮ್ಮಗಳನ್ನು ನೋಡಿ ನಕ್ಕರು. ಹೊರಡುವಾಗ ರಿಪೇರಿ ಕೂಲಿ ಅಂತ ನನ್ನ ಚೀಲಕ್ಕೆ ಒಂದು ಡಜನ್ ಕೆಂಪು ಬಾಳೆಹಣ್ಣು ತುಂಬಿದರು.