ಬೆರಳಿಗೆ ಸಿಗುವ ನಕ್ಷತ್ರ

ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋದರೆ 12ನೇ ಶತಮಾನದ ದೊಡ್ಡಬಸಪ್ಪ ಗುಡಿ ನೋಡಿ. ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಚೌಕವೊಂದನ್ನು ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಹೋಗಿ. ಆರು ಚೌಕಕ್ಕೆ 24 ಮೂಲೆ, ಎಲ್ಲವೂ ಲಂಬಕೋನ! ಹೊರಗೋಡೆಯನ್ನು ಮೆಲ್ಲಗೆ ಸವರುತ್ತ ಕಣ್ಣು ಕಾಣದ ಮಗುವೂ ಇದನ್ನು ಕಲಿತೀತು.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, 1944ರ ನಂತರ ಪುಟ್ಟರಾಜ ಗವಾಯಿಗಳು ಅಂಥ ಮಕ್ಕಳಿಗೆ ಸಂಗೀತ ಕೊಟ್ಟರು; ಇಬ್ಬರೂ ಸ್ವತಃ ಅಂಧರು. ಗಣಿತ, ವಿಜ್ಞಾನ ಕೊಡಬೇಕಾದವರು ಶಾಲೆಯ ನಾವು. ‘ಚಿತ್ರ ಬಿಟ್ಟು ಮುಂದಕ್ಕೆ ಹೋಗು’ ಎನ್ನುವುದು ಪಾಠವಲ್ಲ. ರಟ್ಟಿನ ಆರು ಚೌಕ, ನಡುವೆ ಒಂದು ಮೊಳೆ ಸಾಕು.

2016ರ ಕಾಯ್ದೆಯಂತೆ ಶೇ 40 ಅಥವಾ ಹೆಚ್ಚು ಅಂಗವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತ ಶಿಕ್ಷಣದ ಹಕ್ಕಿದೆ. ಪಾಲಕರೇ, ಹೆಸರು ಹಚ್ಚುವಾಗಲೇ ಕೇಳಿ: ಇವನಿಗೆ ರೇಖಾಗಣಿತ ಹೇಗೆ ಕಲಿಸುತ್ತೀರಿ?