ಇನ್ನೂರ ನಲವತ್ತು ದಿನ

ಡೊಂಬಿವಲಿ ಪೂರ್ವದ ಒಂದು ಮನೆಯ ಗೋಡೆಯಲ್ಲಿ ಹಳೆಯ ಗಡಿಯಾರವೊಂದು ಓಡುತ್ತಿದೆ. ಕಂಪೆನಿಯಲ್ಲಿ 25 ವರ್ಷ ದುಡಿದದ್ದಕ್ಕೆ ಸಿಕ್ಕಿದ್ದು. ಮನೆಯ ಯಜಮಾನರು ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಗೆ ಹೋದವರು. ಹತ್ತನೆಯದನ್ನು ಮುಗಿಸದೆ ಥಾಣೆಯ ವಾಗ್ಳೆ ಎಸ್ಟೇಟಿನ ಮೋಟಾರು ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿದವರು.

ಮೊದಲ ವರ್ಷ ಕಸ ಗುಡಿಸುವುದು, ಗಾಡಿ ತಳ್ಳುವುದು. ಆಮೇಲೆ ಸ್ಟೇಟರಿನ ಸೀಳುಗಳಿಗೆ ಇನ್ಸುಲೇಶನ್ ಕಾಗದ ಮಡಚಿ ತುರುಕುವ ಕೆಲಸ. ಪಕ್ಕದಲ್ಲಿ ಕೂರುತ್ತಿದ್ದ ಮರಾಠಿ ವೈಂಡರ್ ಚಹಾದ ಹೊತ್ತಿನಲ್ಲಿ ತಾಮ್ರದ ಸುರುಳಿಯನ್ನು ಇವರ ಕೈಗೆ ಕೊಟ್ಟು, ಎನಾಮಲ್ ಕೆರೆಯದ ಹಾಗೆ ಒಳಗಿಳಿಸುವುದನ್ನು ತೋರಿಸಿದ. ಬೈದೇ ಕಲಿಸಿದ. ಸಂಬಳದ ಪಟ್ಟಿಯಲ್ಲಿ ‘ಅಕುಶಲ’ ಎಂದು ಒಳಹೊಕ್ಕವರು ಅರೆಕುಶಲರಾಗಿ, ವೈಂಡರ್ ಆಗಿ ನಿವೃತ್ತರಾದರು.

ಮಹಾರಾಷ್ಟ್ರದ ಮಾದರಿ ಸ್ಥಾಯಿ ಆದೇಶಗಳ 4-ಸಿ ಕಲಮಿನಂತೆ ಬದಲಿ ಅಥವಾ ತಾತ್ಕಾಲಿಕ ಕೆಲಸಗಾರ 12 ತಿಂಗಳಲ್ಲಿ 240 ದಿನ ತಡೆಯಿಲ್ಲದೆ ದುಡಿದರೆ ಅವನನ್ನು ಕಾಯಂ ಮಾಡಬೇಕಿತ್ತು. (ಬದಲಿ ಎಂಬುದು ಕನ್ನಡ, ಮರಾಠಿ ಎರಡರಲ್ಲೂ ಇರುವ ಪದ. ಊರಿಂದ ಬಂದವರಿಗೆ ಯಾರೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.) ಹುಡುಗರು ಕ್ಯಾಲೆಂಡರಿನಲ್ಲಿ ದಿನ ಗೀಚುತ್ತಿದ್ದರು. ಎಣಿಸಲು ಮಾಲೀಕರಿಗೂ ಬರುತ್ತಿತ್ತು. 240 ತುಂಬುವ ಮೊದಲೇ ‘ಬ್ರೇಕ್’.

ಎಂಐಡಿಸಿ 1962ರಲ್ಲಿ ಶುರುಮಾಡಿದ ಆ ವಾಗ್ಳೆ ಎಸ್ಟೇಟಿನ ಎಷ್ಟೋ ಶೆಡ್ಡುಗಳ ಜಾಗದಲ್ಲಿ ಈಗ ಐಟಿ ಕಚೇರಿಗಳಿವೆ. ಐರೋಲಿಯಲ್ಲೂ ಗಾಜಿನ ಕಟ್ಟಡಗಳು. ಹಾಗೆಂದು ಕಾರ್ಖಾನೆಗಳು ಪೂರ್ತಿ ಹೋಗಿಲ್ಲ. ಥಾಣೆ-ಬೇಲಾಪುರ ರಸ್ತೆಯಲ್ಲಿ ಸ್ವಿಚ್‌ಗಿಯರ್, ಪ್ಯಾನೆಲ್ ಇನ್ನೂ ತಯಾರಾಗುತ್ತವೆ. ಕಂಪೆನಿ ನೇರವಾಗಿ ತೆಗೆದುಕೊಳ್ಳುವುದು ಐಟಿಐ, ಡಿಪ್ಲೊಮಾ ಆದವರನ್ನು. ಉಳಿದವರಿಗೆ ಗುತ್ತಿಗೆದಾರನೇ ಗತಿ.

ಯಜಮಾನರ ತಂಗಿಯ ಮಗ ಈ ಉಳಿದವರಲ್ಲಿ ಒಬ್ಬ. ಕಲ್ಯಾಣದಿಂದ ಲೋಕಲ್ ಹಿಡಿದು, ಥಾಣೆಯಲ್ಲಿ ಬದಲಿಸಿ, ನವಿಮುಂಬಯಿಯ ರಬಾಳೆಯಲ್ಲಿ ಇಳಿಯುತ್ತಾನೆ. ಎರಡು ವರ್ಷದಲ್ಲಿ ಮೂರು ಗೇಟು ಕಂಡಿದ್ದಾನೆ.

“ಎಂತ ಕಲ್ತೆ?” ಎಂದು ಮಾವ ಕೇಳಿದರು.

“ಎಂತ ಇಲ್ಲ ಮಾವ. ಸ್ಕ್ರೂ ಹಾಕೂದು. ಟಾರ್ಕ್ ಎಷ್ಟಂತ ಮೆಷಿನ್ನೇ ನೋಡ್ಕಂತ್.”

ಮಾವನಿಗೆ ಬೇಸರವಾದದ್ದು ಇಲ್ಲಿ. ಸಂಬಳ ಕಡಿಮೆಯೆಂದಲ್ಲ, ತಮಗೂ ಕಡಿಮೆಯೇ ಇತ್ತು. ಪಕ್ಕದಲ್ಲಿ ಕೂತು ಬೈಯುವವರೇ ಇಲ್ಲವಲ್ಲ ಎಂದು. ಏಳು ತಿಂಗಳಿಗೆ ಹೊರಟುಹೋಗುವವನಿಗೆ ಯಾರು ತಾನೇ ಕಲಿಸುತ್ತಾರೆ? 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ನೌಕರನಿಗೆ ಒಂದೇ ವರ್ಷಕ್ಕೆ ಗ್ರ್ಯಾಚುಟಿ ಇದೆ. ಅವನಿಗೆ ಆ ಒಂದು ವರ್ಷವೇ ತುಂಬುವುದಿಲ್ಲ.

ಅಳಿಯನ ಮುಂದೆ ಈಗ ಎರಡು ದಾರಿ. ಭಿವಂಡಿಯ ಗೋದಾಮಿನಲ್ಲಿ ಪೆಟ್ಟಿಗೆ ಸ್ಕ್ಯಾನ್ ಮಾಡುವ ಕೆಲಸ, ನಾಳೆಯೇ ಸೇರಬಹುದು. ಇಲ್ಲವೇ ಐಟಿಐಯಲ್ಲಿ ಎಲೆಕ್ಟ್ರಿಶಿಯನ್, ಎರಡು ವರ್ಷ ಸಂಬಳವಿಲ್ಲ. ಅಮ್ಮನ ಮನೆ ಬಾಡಿಗೆ ಕಟ್ಟುವವನು ಅವನೇ. “ಬಾಡಿಗೆ ನಾ ಕಟ್ತೆ” ಎಂದರು ಮಾವ. ಅವನು ಉತ್ತರ ಕೊಡಲಿಲ್ಲ.

ಕಳೆದ ಭಾನುವಾರ ಮಾವ ಸುಟ್ಟ ಫ್ಯಾನೊಂದನ್ನು ಬಿಚ್ಚಿ ಕೂತಿದ್ದರು. “ಈಗೆಲ್ಲ ಬಿಎಲ್‌ಡಿಸಿ ಮಾವ, ಒಳಗೆ ಬೋರ್ಡ್ ಇರತ್” ಎಂದ ಅಳಿಯ.

“ಬೋರ್ಡ್ ಇದ್ರೂ ತಂತಿ ಸುತ್ತಕಲ್ದಾ?”

ಅವನು ಪಕ್ಕದಲ್ಲಿ ಕೂತ. ಮೂರನೇ ಸೀಳಿನಲ್ಲಿ ಎನಾಮಲ್ ಕೆರೆಯಿತು. ಮಾವ ಮರಾಠಿಯಲ್ಲಿ ಬೈದರು.