ಅಪ್ಪನ ಕೈಗೆ ಏಳು ಮರದ ತುಂಡು

ಈ ವಾರ ಅಡಿಕೆ ಸುದ್ದಿ ಬಿಟ್ಟು ಮರಗೆಲಸದ ಸುದ್ದಿ ಬರೀತೀನಿ. ಅಪ್ಪನಿಗೆ ಸ್ಟ್ರೋಕ್ ಆದಮೇಲೆ ಬಲಗೈ ಬೆರಳು ಸರಿಯಾಗಿ ಮಡಚಲ್ಲ. ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡನ್ನ "ನಾನೇನು ಮಗುವಾ" ಅಂತ ಮೂಲೆಗೆ ಎಸೆದ್ರು. ಕೈಗೂ ತಲೆಗೂ ಕೆಲಸ ಕೊಡೋದು ಏನಾದರೂ ಬೇಕಿತ್ತು.

ಡೆನ್ಮಾರ್ಕಿನ ಪೀಟ್ ಹೈನ್ ಕಂಡುಹಿಡಿದ ಸೋಮಾ ಕ್ಯೂಬ್ ನೆನಪಾಯ್ತು. ಒಂದೇ ಅಳತೆಯ 27 ಚಿಕ್ಕ ಘನ. ಮೂರನ್ನು ಮೊಣಕೈ ಥರ ಅಂಟಿಸಿದರೆ ಒಂದು ತುಂಡು. ಉಳಿದವನ್ನು ನಾಲ್ಕು ನಾಲ್ಕು ಅಂಟಿಸಿದರೆ ಆರು ತುಂಡು: ಎಲ್, ಟಿ, ಝಡ್ ಆಕಾರದ ಚಪ್ಪಟೆ ಮೂರು, ಒಂದು ಮೂಲೆ, ಎಡಕ್ಕೆ ಒಂದು ಬಲಕ್ಕೆ ಒಂದು ತಿರುಚಿದ್ದು. ಏಳೂ ಸೇರಿದರೆ ಒಂದು ದೊಡ್ಡ ಘನ. ಕೂರಿಸೋಕೆ 240 ದಾರಿ ಇದೆ, ಆದರೂ ಮೊದಲನೇದು ಸಿಗೋಕೆ ಬೆವರಿಳಿಯುತ್ತೆ.

ಮೊದಲ ಸಲ ಆತುರಪಟ್ಟು ಆಗಷ್ಟೇ ಕಡಿದ ಸಿಲ್ವರ್ ಓಕ್‌ನಲ್ಲಿ ಮಾಡಿದೆ. ತಿಂಗಳಲ್ಲಿ ಹಾಳು. ಹಸಿ ಮರ ಒಣಗುವಾಗ ಅಡ್ಡಕ್ಕೆ ಕುಗ್ಗುತ್ತೆ, ಉದ್ದಕ್ಕೆ ತೀರಾ ಕಮ್ಮಿ. ಘನ ಘನವಾಗಿ ಉಳಿಯಲಿಲ್ಲ. ಅಡಿಕೆ ಒಣಗಿದೆಯಾ ಅಂತ ಹತ್ತು ಸಲ ನೋಡೋ ನಾನು ಮರಕ್ಕೆ ಆ ತಾಳ್ಮೆ ತೋರಿಸಲಿಲ್ಲ.

ಎರಡನೇ ಸಲ, ಹಳೇ ಮನೆ ಬಿಚ್ಚಿದಾಗ ಉಳಿದಿದ್ದ ತೇಗದ ರೀಪು ತಗೊಂಡೆ. ಉಜ್ಜಿ ಚೌಕ ಮಾಡಿದಮೇಲೆ ದಪ್ಪ ಒಂದಿಂಚಿಗಿಂತ ಕಮ್ಮಿ ಬರುತ್ತೆ. ಎಷ್ಟು ಬಂತೋ ಅದೇ ಅಳತೆಗೆ ಕೊಯ್ಯಬೇಕು. ತುಂಡು ತುಂಡಿಗೂ ಪೆನ್ಸಿಲ್ ಗುರುತು ಹಾಕಬೇಡಿ. ಹಲಗೆಗೆ ಒಂದು ತಡೆ ಹೊಡೆದು, ರೀಪಿನ ತುದಿ ಅದಕ್ಕೆ ತಾಗಿಸಿ ಕೊಯ್ಯಿರಿ. ಒಂದೊಂದರಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೆ ಮೂರು ಸಾಲಿಟ್ಟಾಗ ಒಂದೂವರೆ ಆಗುತ್ತೆ, ಕೊನೇ ತುಂಡು ಕೂರಲ್ಲ. ಗರಗಸ ತಿನ್ನೋದೂ ಸೇರಿ 30 ಇಂಚು ರೀಪು ಬೇಕು. ಅಡ್ಡ ಕೊಯ್ದ ಮುಖಕ್ಕೆ ಅಂಟು ಗಟ್ಟಿ ಹಿಡಿಯಲ್ಲ. ನಾರು ಉದ್ದಕ್ಕೆ ಓಡೋ ಮುಖಗಳನ್ನೇ ಜೋಡಿಸಿ. ಮೂಲೆ ತುಂಡಿನಲ್ಲಿ ಮಾತ್ರ ಒಂದು ಕಡೆ ಅದನ್ನ ತಪ್ಪಿಸೋಕಾಗಲ್ಲ, ಅಲ್ಲಿ ತೂತು ಕೊರೆದು ಬಿದಿರು ಕಡ್ಡಿ ಕೂರಿಸಿದೆ.

ಅಪ್ಪನ ಮಂಚದ ಪಕ್ಕ ಸುಮ್ಮನೆ ಇಟ್ಟೆ. ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಹಾಲು ಕರೆದು ಬಂದಾಗ ಎಡಗೈಲಿ ಒಂದು ತುಂಡು ಹಿಡಿದು, ಬಲಗೈಲಿ ಇನ್ನೊಂದನ್ನ ನಿಧಾನಕ್ಕೆ ತಿರುಗಿಸ್ತಾ ಇದ್ರು. ನನ್ನ ನೋಡಿ, "ಅಂಚು ಚುಚ್ಚುತ್ತೆ. ಇಂಥಾ ಕೆಲಸ ಮಾಡ್ತಾರಾ? ಉಪ್ಪು ಕಾಗದ ತಾ" ಅಂದ್ರು. ಆಸ್ಪತ್ರೆಯಿಂದ ಬಂದಮೇಲೆ ನನ್ನ ಕೆಲಸಕ್ಕೆ ಬೈದಿದ್ದು ಅವತ್ತೇ ಮೊದಲು.

ಈಗ ದಿನಾ ಒಂದೊಂದು ತುಂಡು ಅವರೇ ಉಜ್ಜುತ್ತಾರೆ. ಘನ ಇನ್ನೂ ಕೂತಿಲ್ಲ. ಟಿ ತುಂಡಿನ ಉದ್ದ ಬದಿ ದೊಡ್ಡ ಘನದ ಅಂಚಿನಲ್ಲೇ ಬರಬೇಕು, ಬೇರೆಡೆ ಇಟ್ಟರೆ ಮುಗಿಯೋದೇ ಇಲ್ಲ. ಇದನ್ನ ಅವರಿಗೆ ಹೇಳಿಲ್ಲ. ಮನೆಗೆ ಬಂದಾಗ ನೀವೂ ಹೇಳಬೇಡಿ.